ಹುತ್ತದ ಜೇನನ್ನು ಪೆಟ್ಟಿಗೆಗೆ ತಂದ ಬಗೆ



2022ರ ನವೆಂಬರ್ ತಿಂಗಳಲ್ಲಿ ನಮ್ಮ ಶಾಲೆಯ ಆಟದ ಬಯಲಿನ ಅಂಚಿನಲ್ಲಿರುವ ಹುತ್ತದೊಳಗೆ ಜೇನ್ನೊಣಗಳು ನೆಲೆಸಿರುವುದನ್ನು ನಿಮ್ಮಲ್ಲಿ ಕೆಲವರು ಕಂಡು ನಮಗೆ ತಿಳಿಸಿದುದು ನೆನಪಿರಬಹುದು. ಉರುಳಿಹೋದ ಚೆಂಡನ್ನು ಹೆಕ್ಕಲು ಹೋದ ಐದನೆಯ ತರಗತಿಯ ಬಾಲಕನೊಬ್ಬನಿಗೆ ಎರಡು ನೊಣಗಳು ಕಚ್ಚಿದುವು. ಅವನ ಕೆನ್ನೆ ಬಾತುಕೊಂಡಿತು. ಸಂಜೆ ಕೆಲವು ಹೆತ್ತವರು ಶಾಲೆಗೆ ಬಂದು, ರಾತ್ರಿ ಸೂಟೆ ಹಚ್ಚಿ ಆ ಹುತ್ತವನ್ನು ಸುಟ್ಟುಬಿಡುವುದೇ ಲೇಸೆಂದರು. ಅವರ ಆತಂಕ ಸಹಜವಾದುದೇ. ಮಕ್ಕಳು ಆಡುವ ತಾಣದಲ್ಲಿ ಜೇನು ಇರಬಾರದೆಂಬುದರಲ್ಲಿ ನಮಗೂ ಸಂದೇಹವಿರಲಿಲ್ಲ. ಆದರೆ ಸುಡದೆಯೇ ಅದನ್ನು ಅಲ್ಲಿಂದ ಎಬ್ಬಿಸಿ ಬೇರೆಡೆ ನೆಲೆಗೊಳಿಸಲು ಸಾಧ್ಯವಿದೆಯೆಂದೂ, ಬರುವ ಭಾನುವಾರದ ವರೆಗೆ ಅವಕಾಶ ಕೊಡಬೇಕೆಂದೂ ನಾವು ಕೇಳಿಕೊಂಡೆವು. ಅವರು ಒಪ್ಪಿದರು. ಹುತ್ತದ ಸುತ್ತ ದೂರದಲ್ಲಿ ಹಗ್ಗ ಕಟ್ಟಿಸಿ, ಆ ಕಡೆಗೆ ಯಾರೂ ಹೋಗಬಾರದೆಂದು ನಿಮಗೆಲ್ಲ ಆಜ್ಞೆ ಮಾಡಿದೆವು.

ಆ ಭಾನುವಾರ ನಡೆದ ಕೆಲಸವೇನು, ಅದನ್ನು ಏಕೆ ಹಾಗೆಯೇ ಮಾಡಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಕಾಸರಗೋಡಿನ ತೋಟ ಗುಡ್ಡಗಳಲ್ಲಿ ಕಾಣುವ ಜೇನುಗಳು ಮುಖ್ಯವಾಗಿ ನಾಲ್ಕು ಬಗೆ. ಎತ್ತರದ ಮರದ ಕೊಂಬೆಯಲ್ಲಿಯೋ ಬಂಡೆಯ ಅಡಿಯಲ್ಲಿಯೋ ಒಂದೇ ಒಂದು ದೊಡ್ಡ ಎರಿಯನ್ನು ಬಯಲಿನಲ್ಲೇ ತೂಗುಹಾಕುವುದು ಹೆಜ್ಜೇನು. ಪೊದೆಯ ಕಡ್ಡಿಗೆ ಅಂಗೈಯಷ್ಟು ಅಗಲದ ಒಂದೇ ಎರಿಯನ್ನು ಕಟ್ಟುವುದು ಕೋಲುಜೇನು. ಗೋಡೆಯ ಬಿರುಕಿನಲ್ಲಿ ಅಂಟಿನ ನಳಿಗೆಯಂತಹ ಬಾಗಿಲನ್ನು ಮಾಡಿಕೊಂಡು ವಾಸಿಸುವ, ಕುಟುಕಲಾರದ ಪುಟ್ಟ ನೊಣವೇ ಮುಜಂಟಿ. ನಾಲ್ಕನೆಯದು ತುಡುವೆ. ಇದು ಮರದ ಪೊಟರೆ, ಹುತ್ತ, ಕಲ್ಲಿನ ಸಂದು ಮೊದಲಾದ ಕತ್ತಲೆಯ ಎಡೆಗಳಲ್ಲಿ ಒಂದರ ಪಕ್ಕದಲ್ಲೊಂದರಂತೆ ಹಲವು ಎರಿಗಳನ್ನು ಕಟ್ಟುತ್ತದೆ. ಕತ್ತಲೆಯ ಪೊಟರೆಗೆ ಬದಲಾಗಿ ಕತ್ತಲೆಯ ಪೆಟ್ಟಿಗೆಯನ್ನು ಕೊಟ್ಟರೆ ಅದರಲ್ಲಿಯೂ ಹೀಗೆಯೇ ಸಾಲಾಗಿ ಎರಿ ಕಟ್ಟಬಲ್ಲುದು. ಬಯಲಿನಲ್ಲೇ ಒಂಟಿ ಎರಿ ಕಟ್ಟುವ ಹೆಜ್ಜೇನು, ಕೋಲುಜೇನುಗಳನ್ನು ಹೀಗೆ ಪೆಟ್ಟಿಗೆಯಲ್ಲಿ ಸಾಕಲಾಗದು. ನಮ್ಮ ಹುತ್ತದಲ್ಲಿದ್ದುದು ತುಡುವೆಯೇ.

ಜೇನುಪೆಟ್ಟಿಗೆಯ ಹಿಂದೆ ಒಂದು ಸಣ್ಣ ಅಳತೆಯ ಗುಟ್ಟಿದೆ. ಎರಿಗೂ ಎರಿಗೂ ನಡುವೆ ನೊಣಗಳು ನಡೆದಾಡುವಷ್ಟು ಮಾತ್ರ ಎಡೆಯಿದ್ದರೆ ಅವು ಅದನ್ನು ದಾರಿಯೆಂದು ಬಿಟ್ಟುಕೊಡುತ್ತವೆ. ಎಡೆ ಹೆಚ್ಚಾದರೆ ಅಲ್ಲಿಯೂ ಎರಿ ಕಟ್ಟುತ್ತವೆ. ಕಡಮೆಯಾದರೆ ಅಂಟಿನಿಂದಲೋ ಮೇಣದಿಂದಲೋ ಮುಚ್ಚಿಬಿಡುತ್ತವೆ. 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿಯು ಈ ಅಳತೆಯನ್ನು ಅನುಸರಿಸಿ, ಒಂದೊಂದಾಗಿ ಎತ್ತಿ ನೋಡಬಹುದಾದ ಚೌಕಟ್ಟುಗಳ ಪೆಟ್ಟಿಗೆಯನ್ನು ರೂಪಿಸಿದನು. ನಮ್ಮ ತುಡುವೆಯ ಮೈಕಟ್ಟು ಯೂರೋಪಿನ ನೊಣಕ್ಕಿಂತ ಚಿಕ್ಕದು. ಇದಕ್ಕೆ ಒಗ್ಗುವ ಚಿಕ್ಕ ಪೆಟ್ಟಿಗೆಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಿರುಚಿರಾಪಳ್ಳಿಯಲ್ಲಿದ್ದ ನ್ಯೂಟನ್ ಎಂಬ ಪಾದ್ರಿಯು ಸಿದ್ಧಪಡಿಸಿದನು. ದಕ್ಷಿಣ ಭಾರತದಲ್ಲಿ ಅದು ಇಂದಿಗೂ ನ್ಯೂಟನ್ ಪೆಟ್ಟಿಗೆ ಎಂಬ ಹೆಸರಿನಿಂದಲೇ ಬಳಕೆಯಲ್ಲಿದೆ. ಅದರ ಕೆಳಗಿನ ಕೋಣೆ ಮೊಟ್ಟೆ ಮರಿಗಳ ಸಂಸಾರಕ್ಕೆ, ಮೇಲಿನದು ಜೇನಿನ ಸಂಗ್ರಹಕ್ಕೆ.

ಇನ್ನು ಆ ಸಂಸಾರದ ವಿಚಾರ. ಒಂದು ತುಡುವೆ ಕುಟುಂಬದಲ್ಲಿ ಒಂದೇ ರಾಣಿ, ಕೆಲವು ಸಾವಿರ ಕೆಲಸಗಾರ ನೊಣಗಳು, ಋತುವಿಗೆ ತಕ್ಕಂತೆ ಕೆಲವು ಗಂಡು ನೊಣಗಳು ಇರುತ್ತವೆ. ರಾಣಿಯ ಕೆಲಸ ಮೊಟ್ಟೆಯಿಡುವುದು. ಮರಿಗಳಿಗೆ ಉಣಿಸುವುದು, ಎರಿ ಕಟ್ಟುವುದು, ಕಾವಲಿರುವುದು, ಹೂವಿನಿಂದ ಮಕರಂದ ಪರಾಗಗಳನ್ನು ತರುವುದು ಇವೆಲ್ಲ ಕೆಲಸಗಾರ ನೊಣಗಳವು, ಅವೆಲ್ಲವೂ ಹೆಣ್ಣು. ಮೊಟ್ಟೆಯಿಂದ ಕೆಲಸಗಾರ ನೊಣವು ಹೊರಬರಲು ಸುಮಾರು 20 ದಿನಗಳು ಬೇಕು. ದುಡಿಮೆಯ ಕಾಲದಲ್ಲಿ ಅದರ ಆಯುಸ್ಸು ಕೆಲವೇ ವಾರಗಳು. ಇಂದು ಹಾರಾಡುತ್ತಿರುವ ನೊಣಗಳಲ್ಲಿ ಹೆಚ್ಚಿನವು ಒಂದೆರಡು ತಿಂಗಳಲ್ಲಿ ಇಲ್ಲವಾಗುತ್ತವೆ. ಆಗ ಕುಟುಂಬವನ್ನು ನಡೆಸಬೇಕಾದವು ಇಂದು ಎರಿಯ ಕಣ್ಣುಗಳಲ್ಲಿ ಮೊಟ್ಟೆಯಾಗಿ, ಹುಳುವಾಗಿ ಮಲಗಿರುತ್ತವೆ. ಜೇನನ್ನು ಸ್ಥಳಾಂತರಿಸುವವರು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ ಇದೇ.

ಈ ಸಂಗತಿಯನ್ನು ನಾವು ನಷ್ಟಪಟ್ಟು ಕಲಿತೆವು. 2020ರ ಜನವರಿಯಲ್ಲಿ ನಮ್ಮ ಮನೆಯ ಹಿತ್ತಿಲಿನಲ್ಲಿ ಹಳೆಯ ಹಲಸಿನ ಮರವೊಂದು ಬಿದ್ದಾಗ ಅದರ ಪೊಟರೆಯಲ್ಲಿ ತುಡುವೆಯ ಕುಟುಂಬವಿತ್ತು. ಪುಸ್ತಕವೊಂದನ್ನು ಅರ್ಧ ಓದಿದ್ದ ಧೈರ್ಯದಲ್ಲಿ ನಾವು ಪೆಟ್ಟಿಗೆಯೊಂದನ್ನು ತಂದು ಕೆಲಸಕ್ಕೆ ಕೈಹಾಕಿದೆವು. ಜೇನು ತುಂಬಿ ಮಿನುಗುವ ಎರಿಗಳನ್ನು ಕಂಡು, ನೊಣಗಳಿಗೆ ಬೇಕಾದುದು ಇದೇ ಎಂದು ಬಗೆದು, ಅವನ್ನೇ ಆರಿಸಿ ಚೌಕಟ್ಟುಗಳಿಗೆ ಕಟ್ಟಿದೆವು. ಕಂದು ಬಣ್ಣದ ಹಳೆಯ ಎರಿಗಳನ್ನು ಪ್ರಯೋಜನವಿಲ್ಲದವೆಂದು ತೆಂಗಿನ ಬುಡಕ್ಕೆ ಎಸೆದೆವು. ನೊಣಗಳನ್ನು ಪೆಟ್ಟಿಗೆಗೆ ಸುರಿದು ತೃಪ್ತಿಯಿಂದ ಮಲಗಿದೆವು. ಬೆಳಗಾಗುವಾಗ ಭಾರಕ್ಕೆ ಎರಡು ಎರಿಗಳು ಕಳಚಿ ಬಿದ್ದು, ಜೇನು ಸೋರಿ, ಪೆಟ್ಟಿಗೆಯ ತುಂಬ ಇರುವೆಗಳು ಮುತ್ತಿದ್ದುವು. ಮೂರನೆಯ ದಿನ ಮಧ್ಯಾಹ್ನ ಕುಟುಂಬವೆಲ್ಲ ಒಮ್ಮೆಲೆ ಹೊರಹೊಮ್ಮಿ, ತೆಂಗಿನ ತಲೆಯ ಮೇಲೆ ಒಂದು ಸುತ್ತು ತಿರುಗಿ, ಗುಡ್ಡದ ಕಡೆಗೆ ಹಾರಿಹೋಯಿತು.

ನಮ್ಮೂರಿನಲ್ಲಿ ನಲವತ್ತು ವರ್ಷಗಳಿಂದ ಜೇನು ಸಾಕುತ್ತಿರುವ ಹಿರಿಯ ಕೃಷಿಕರೊಬ್ಬರಲ್ಲಿ ಈ ದುಃಖವನ್ನು ತೋಡಿಕೊಂಡೆವು. ಅವರು ಬಂದು ತೆಂಗಿನ ಬುಡದಲ್ಲಿ ಒಣಗಿ ಬಿದ್ದಿದ್ದ ಎರಿಯೊಂದನ್ನು ಎತ್ತಿ ಒಡೆದು ತೋರಿಸಿದರು. ಕಣ್ಣು ಕಣ್ಣಿನಲ್ಲಿಯೂ ರೆಕ್ಕೆ ಮೂಡುತ್ತಿದ್ದ ಬಿಳಿಯ ಮರಿಗಳು ಸತ್ತು ಮಲಗಿದ್ದುವು.

“ಮಾಸ್ತರೇ, ತಿನ್ನುವ ಎರಿ ಪೆಟ್ಟಿಗೆಗೆ, ಮರಿಯ ಎರಿ ತೆಂಗಿನ ಬುಡಕ್ಕೆ. ಹೀಗೆ ಮಾಡಿದರೆ ನೊಣ ನಿಲ್ಲುತ್ತದೆಯೇ?” ಎಂದರು.

ನಾವು ತಲೆ ತಗ್ಗಿಸಿದೆವು. ಜೇನು ಮುಗಿದರೆ ನೊಣಗಳು ಮತ್ತೆ ತಂದುಕೊಳ್ಳುತ್ತವೆ, ನಾವು ಸಕ್ಕರೆಯ ಪಾಕವನ್ನಾದರೂ ಕೊಡಬಹುದು. ಮರಿಗಳನ್ನು ಕಳೆದುಕೊಂಡ ತುಡುವೆಗೆ ಮಾತ್ರ ಹೊಸ ಗೂಡಿನಲ್ಲಿ ನಿಲ್ಲಲು ಕಾರಣವೇ ಇರುವುದಿಲ್ಲ. ಗೂಡು ಹಿಡಿಸದಿದ್ದರೆ ಬಿಟ್ಟುಹೋಗುವ ಗುಣ ತುಡುವೆಗೆ ಮೊದಲೇ ಹೆಚ್ಚು.

ಒಂದು ಹುತ್ತದ ಜೇನು ಹೋದರೆ ಏನಾಯಿತು ಎಂದು ಹೆತ್ತವರಲ್ಲಿ ಯಾರಾದರೂ ಕೇಳಬಹುದು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗವು ಕೇರಳ ಕರ್ನಾಟಕಗಳ ತುಡುವೆಗಳಿಗೆ ತಗುಲಿ, ಸಾಕಿದ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ಸಾಲು ಸಾಲು ಪೆಟ್ಟಿಗೆಗಳು ಬರಿದಾದುವು. ಅನೇಕರು ಜೇನು ಸಾಕಣೆಯನ್ನೇ ಬಿಟ್ಟರು. ಆ ಮಾರಿಯಿಂದ ಅಲ್ಲೊಂದು ಇಲ್ಲೊಂದು ಉಳಿದುಕೊಂಡ ಕುಟುಂಬಗಳಿಂದಲೇ ಮತ್ತೆ ನಮ್ಮ ತೋಟಗಳಿಗೆ ತುಡುವೆ ಮರಳಿತು. ಸೌತೆ, ಹೀರೆ, ಹಾಗಲ, ಕುಂಬಳದ ಬಳ್ಳಿಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಪರಾಗವನ್ನು ಒಂದರಿಂದ ಇನ್ನೊಂದಕ್ಕೆ ಒಯ್ಯುವ ಕೀಟ ಬಾರದಿದ್ದರೆ ಹೂವು ಉದುರುತ್ತದೆಯೇ ಹೊರತು ಕಾಯಿ ಕಟ್ಟುವುದಿಲ್ಲ. ಗುಡ್ಡದ ಹುತ್ತದಲ್ಲಿ ತಾನಾಗಿ ಬದುಕಿ ಬಾಳುತ್ತಿರುವ ಕುಟುಂಬವನ್ನು ಸುಡುವ ಮೊದಲು ಇವನ್ನೆಲ್ಲ ನೆನೆಯಬೇಕು.

ಇನ್ನು ಭಾನುವಾರದ ಕೆಲಸವನ್ನು ಹೇಳುವೆವು. ಕಾಲವು ಅನುಕೂಲವಾಗಿತ್ತು. ನಮ್ಮ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಮಳೆಯ ಹೊಡೆತದಲ್ಲಿ ನೊಣಗಳಿಗೆ ಆಹಾರದ ಬರ; ಆಗ ಕುಟುಂಬವನ್ನು ಕದಲಿಸಿದರೆ ಅದು ಚೇತರಿಸಿಕೊಳ್ಳುವುದು ಕಷ್ಟ. ಮಳೆ ಬಿಟ್ಟು ಹೂವುಗಳು ಅರಳತೊಡಗಿದ ಮೇಲೆ ಕುಟುಂಬವು ಬೆಳೆಯುವ ಹುರುಪಿನಲ್ಲಿರುತ್ತದೆ.

ಹಿರಿಯ ಮಿತ್ರರು ಹಳೆಯ ಪೆಟ್ಟಿಗೆಯೊಂದನ್ನು ತಂದಿದ್ದರು. ಹೊಸ ಬಣ್ಣದ ವಾಸನೆಯುಳ್ಳ ಪೆಟ್ಟಿಗೆ ನೊಣಗಳಿಗೆ ಹಿಡಿಸದು. ಮೇಣ ಸವರಿದ ಹಳೆಯದು ಮೇಲು. ಮುಖಪರದೆ, ತೆಂಗಿನ ಸಿಪ್ಪೆಯನ್ನು ಉರಿಸುವ ಹೊಗೆತಿದಿ, ಹರಿತವಾದ ಚೂರಿ, ನೀರಿನಲ್ಲಿ ನೆನೆಸಿದ ಬಾಳೆನಾರು, ಜೇನಿನ ಎರಿಗಳಿಗೆ ಮುಚ್ಚಳದ ಪಾತ್ರೆ, ಗುದ್ದಲಿ, ಒಂದು ಬಾಲ್ದಿ ನೀರು ಇಷ್ಟು ಸಿದ್ಧವಾದುವು. ಹುತ್ತವಾದುದರಿಂದ ಹಾವು ಇರಬಹುದೆಂದು ಹಗಲಿನಲ್ಲೇ ಸುತ್ತಲಿನ ಬಿಲಗಳನ್ನು ಪರೀಕ್ಷಿಸಿದ್ದೆವು.

ಸಂಜೆ ನಾಲ್ಕೂವರೆಗೆ ಕೆಲಸ ಆರಂಭವಾಯಿತು. ಮೊದಲು ಬಾಗಿಲಿಗೆ ಎರಡು ಮೂರು ಬಾರಿ ಮೆಲ್ಲನೆ ಹೊಗೆ ಊದಿ ಸ್ವಲ್ಪ ಹೊತ್ತು ಕಾದೆವು. ನೊಣವೊಂದು ಕಚ್ಚಿದಾಗ ಅದರ ಮೈಯಿಂದ ಕಳಿತ ಬಾಳೆಹಣ್ಣನ್ನು ಹೋಲುವ ಗಂಧವೊಂದು ಹೊಮ್ಮಿ ಉಳಿದ ನೊಣಗಳನ್ನು ಕೆರಳಿಸುತ್ತದೆ. ಹೊಗೆಯು ಈ ಎಚ್ಚರಿಕೆಯ ಗಂಧವನ್ನು ಮರೆಮಾಡುತ್ತದೆ. ಹೊಗೆ ತಾಕಿದ ನೊಣಗಳು ಜೇನನ್ನು ಹೊಟ್ಟೆ ತುಂಬ ಹೀರಿಕೊಳ್ಳಲು ತೊಡಗುವುದರಿಂದ ಕುಟುಕುವ ಗೋಜಿಗೆ ಬರುವುದೂ ಕಡಮೆ. ಹೊಗೆ ಅತಿಯಾದರೆ ಮರಿಗಳಿಗೆ ಕೇಡು.

ಅನಂತರ ಹುತ್ತದ ಪಕ್ಕದ ಮಣ್ಣನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿದೆವು. ಒಳಗೆ ಆರು ಎರಿಗಳು ಸಾಲಾಗಿ ತೂಗುತ್ತಿದ್ದುವು. ಪ್ರತಿಯೊಂದರ ಮೇಲ್ಭಾಗದಲ್ಲಿ ಜೇನು, ಅದರ ಕೆಳಗೆ ಬಣ್ಣ ಬಣ್ಣದ ಪರಾಗ, ಅದಕ್ಕೂ ಕೆಳಗೆ ಮೊಟ್ಟೆ ಮರಿಗಳು. ಅವಸರದಲ್ಲಿಯೂ ನಮ್ಮ ಮಿತ್ರರು ಮರಿಗಳನ್ನು ಪರೀಕ್ಷಿಸಲು ಮರೆಯಲಿಲ್ಲ. ಸ್ಯಾಕ್‌ಬ್ರೂಡ್ ತಗುಲಿದ ಮರಿಯು ನೀರು ತುಂಬಿದ ಚೀಲದಂತಾಗಿ ಕಣ್ಣಿನಲ್ಲಿ ನೀಳವಾಗಿ ಸತ್ತು ಬಿದ್ದಿರುತ್ತದೆ. ಅಂತಹ ಕುಟುಂಬವನ್ನು ಇತರ ಪೆಟ್ಟಿಗೆಗಳ ಬಳಿಗೆ ಒಯ್ದರೆ ರೋಗವನ್ನು ಹೊತ್ತು ತಂದಂತಾಗುತ್ತದೆ. ಇಲ್ಲಿ ಮರಿಗಳು ಹಾಲಿನಂತೆ ಬೆಳ್ಳಗೆ, ಬಿಲ್ಲಿನಂತೆ ಬಾಗಿ ಆರೋಗ್ಯವಾಗಿದ್ದುವು.

ಒಂದೊಂದು ಎರಿಯನ್ನೂ ಬುಡದಿಂದ ಕೊಯ್ದು, ಮೇಲಿನ ಜೇನಿನ ಭಾಗವನ್ನು ಬೇರ್ಪಡಿಸಿ ಪಾತ್ರೆಗೆ ಹಾಕಿದೆವು. ಮರಿಯಿರುವ ಭಾಗವನ್ನು ಚೌಕಟ್ಟಿನ ಅಳತೆಗೆ ಸರಿಪಡಿಸಿ, ಅದರ ಮೇಲಂಚು ಚೌಕಟ್ಟಿನ ಮೇಲುಪಟ್ಟಿಗೆ ತಾಗುವಂತೆ ನಿಲ್ಲಿಸಿ, ಬಾಳೆನಾರಿನಿಂದ ಸುತ್ತಿ ಕಟ್ಟಿದೆವು. ಹುತ್ತದಲ್ಲಿ ಮೇಲಾಗಿದ್ದುದು ಚೌಕಟ್ಟಿನಲ್ಲಿಯೂ ಮೇಲಾಗಿಯೇ ಇರಬೇಕು. ಎರಿಯ ಕಣ್ಣುಗಳು ತುಸು ಮೇಲ್ಮುಖವಾಗಿ ಓರೆಯಾಗಿರುವುದರಿಂದ ತಲೆಕೆಳಗು ಮಾಡಿದರೆ ಅವು ಕೆಳಮುಖವಾಗುತ್ತವೆ. ಮರಿಗಳು ಇರುವೆಡೆಯನ್ನು ನೊಣಗಳು ಸುಮಾರು 33ರಿಂದ 36 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಪಾಡುತ್ತವೆ. ಆದುದರಿಂದ ಎರಿಯನ್ನು ಹೊರಗೆ ಬಹಳ ಹೊತ್ತು ಇಡಲಾಗದು. ಮಿತ್ರರು ಕೊಯ್ದರು, ನಾವು ಕಟ್ಟಿದೆವು. ನಮ್ಮ ಮೊದಲನೆಯ ಕಟ್ಟು ಸಡಿಲವಾಗಿತ್ತು. ಅವರು ಮಾತಿಲ್ಲದೆ ಬಿಚ್ಚಿ ಮತ್ತೆ ಕಟ್ಟಿಸಿದರು. ಹೀಗೆ ಮರಿಯಿದ್ದ ನಾಲ್ಕು ಎರಿಗಳು ಪೆಟ್ಟಿಗೆ ಸೇರಿದುವು.

ಅಷ್ಟಾದರೂ ರಾಣಿ ಕಾಣಲಿಲ್ಲ. ಕೊನೆಯ ಎರಿಯನ್ನು ತೆಗೆದಾಗ ಹುತ್ತದ ಒಳಗೋಡೆಯಲ್ಲಿ ನೊಣಗಳು ಗೊಂಚಲುಗಟ್ಟಿದ್ದುವು. ಮಿತ್ರರು ತೆಂಗಿನ ಗೆರಟೆಯಿಂದ ಆ ಗೊಂಚಲನ್ನು ಮೆಲ್ಲನೆ ತೋಡಿ ಚೌಕಟ್ಟುಗಳ ಮೇಲೆ ಇಳಿಸುವಾಗ, ಉಳಿದವುಗಳಿಗಿಂತ ಉದ್ದವಾದ, ರೆಕ್ಕೆಯ ಆಚೆಗೂ ಹೊಟ್ಟೆ ಚಾಚಿದ್ದ ಕಪ್ಪು ನೊಣವೊಂದು ಎರಿಗಳ ನಡುವಿನ ಕತ್ತಲೆಗೆ ಇಳಿದುಹೋದುದನ್ನು ಕಂಡೆವು. “ಆಯಿತು, ಮಾಸ್ತರೇ, ಇನ್ನು ಮುಚ್ಚಿರಿ” ಎಂದರು. ಪೆಟ್ಟಿಗೆಯನ್ನು ಹುತ್ತದ ಹಳೆಯ ಬಾಗಿಲು ಇದ್ದ ಸ್ಥಳದಲ್ಲಿಯೇ ಇರಿಸಿದೆವು. ಕೆಲವು ನೊಣಗಳು ಬಾಗಿಲಲ್ಲಿ ನಿಂತು, ಹೊಟ್ಟೆಯನ್ನೆತ್ತಿ, ರೆಕ್ಕೆ ಬೀಸತೊಡಗಿದುವು. ಇದು ತಮ್ಮ ಗಂಧವನ್ನು ಗಾಳಿಯಲ್ಲಿ ಹರಡಿ ಉಳಿದವರನ್ನು ಕರೆಯುವ ರೀತಿ. ಮರಕ್ಕೆ ಹುಲ್ಲಿಗೆ ಚದರಿದ್ದ ನೊಣಗಳು ಸಾಲುಗಟ್ಟಿ ನಡೆದು ಒಳಹೊಕ್ಕುವು. ಮೇಯಲು ಹೋದವು ಕತ್ತಲಾಗುವ ಮೊದಲು ಮರಳಿದುವು. ಸಂಜೆಯ ಹೊತ್ತನ್ನು ಆರಿಸಿದುದು ಇದಕ್ಕಾಗಿಯೇ.

ಕತ್ತಲಾದ ಮೇಲೆ ಬಾಗಿಲಿಗೆ ಗಾಳಿಯಾಡುವ ಬಟ್ಟೆ ಕಟ್ಟಿ, ಪೆಟ್ಟಿಗೆಯನ್ನು ಅಲುಗಿಸದೆ ಮೂರು ಕಿಲೋಮೀಟರ್ ದೂರದ ಮಿತ್ರರ ಅಡಿಕೆ ತೋಟಕ್ಕೆ ಒಯ್ದೆವು. ಅದೇ ಬಯಲಿನ ಇನ್ನೊಂದು ಮೂಲೆಗೆ ಒಯ್ದಿದ್ದರೆ ಮೇಯುವ ನೊಣಗಳು ಮರುದಿನ ಪರಿಚಿತ ದಾರಿ ಹಿಡಿದು ಹಳೆಯ ಹುತ್ತಕ್ಕೇ ಹೋಗುತ್ತಿದ್ದುವು. ತೋಟದಲ್ಲಿ ಪೆಟ್ಟಿಗೆಯ ಪೀಠದ ಕಾಲುಗಳನ್ನು ನೀರು ತುಂಬಿದ ಗೆರಟೆಗಳಲ್ಲಿ ನಿಲ್ಲಿಸಿ ಇರುವೆಗಳನ್ನು ತಡೆದೆವು. ಬಾಗಿಲಿಗೆ ಕೆಲಸಗಾರ ನೊಣ ಮಾತ್ರ ನುಸುಳಬಲ್ಲ, ರಾಣಿ ನುಸುಳಲಾರದ ಸಣ್ಣ ತಡೆಯೊಂದನ್ನು ಹಾಕಿದೆವು. ಸಮಪಾಲು ಸಕ್ಕರೆ ನೀರಿನ ಪಾಕವನ್ನು ಗೆರಟೆಯಲ್ಲಿ ಹಾಕಿ, ನೊಣ ಮುಳುಗದಂತೆ ಕಡ್ಡಿಗಳನ್ನಿಟ್ಟು, ಸಂಜೆ ಹೊತ್ತು ಪೆಟ್ಟಿಗೆಯ ಒಳಗೇ ಇರಿಸಿದೆವು.

ಮೊದಲ ಎರಡು ದಿನ ನೊಣಗಳ ಓಡಾಟದಲ್ಲಿ ಗೊಂದಲವಿತ್ತು. ಹಲಸಿನ ಮರದ ಜೇನು ಹಾರಿಹೋದುದು ಮೂರನೆಯ ದಿನವಾದುದರಿಂದ, ಆ ದಿನ ಶಾಲೆ ಬಿಟ್ಟೊಡನೆ ನಾವು ತೋಟಕ್ಕೆ ಧಾವಿಸಿದೆವು. ಪೆಟ್ಟಿಗೆಯ ಬಾಗಿಲಲ್ಲಿ ನೊಣಗಳು ಹಿಂಗಾಲುಗಳಲ್ಲಿ ಹಳದಿ ಉಂಡೆಗಳನ್ನು ಹೊತ್ತು ಒಳಗೆ ಹೋಗುತ್ತಿದ್ದುವು. ಅದು ಪರಾಗ. ಪರಾಗವು ಮರಿಗಳನ್ನು ಪೋಷಿಸುವ ಆಹಾರವಾದುದರಿಂದ, ಅದನ್ನು ತರತೊಡಗಿದುವೆಂದರೆ ಕುಟುಂಬವು ನಿಲ್ಲಲು ನಿಶ್ಚಯಿಸಿದಂತೆಯೇ. ಆ ಹೊತ್ತಿನ ಸಮಾಧಾನವನ್ನು ವರ್ಣಿಸಲಾರೆವು. ಏಳನೆಯ ದಿನ ಪೆಟ್ಟಿಗೆಯನ್ನು ತೆರೆದಾಗ ಎರಿಗಳನ್ನು ನೊಣಗಳು ಹೊಸ ಮೇಣದಿಂದ ಚೌಕಟ್ಟಿಗೆ ಬೆಸೆದಿದ್ದುವು. ಕಣ್ಣುಗಳ ತಳದಲ್ಲಿ ಸೂಜಿಯ ಮೊನೆಯಂತಹ ಹೊಸ ಮೊಟ್ಟೆಗಳು ನಿಂತಿದ್ದುವು. ಮೊಟ್ಟೆಯು ಮೂರು ದಿನಗಳಲ್ಲಿ ಒಡೆಯುವುದರಿಂದ ಇವು ಹುತ್ತದಿಂದ ಬಂದವಲ್ಲ, ರಾಣಿ ಕುಶಲವಾಗಿರುವುದಕ್ಕೆ ಸಾಕ್ಷಿ. ನಾರುಗಳನ್ನೂ ಬಾಗಿಲ ತಡೆಯನ್ನೂ ತೆಗೆದೆವು. ಆ ವರ್ಷ ಅದರಿಂದ ಜೇನು ತೆಗೆಯಲಿಲ್ಲ. 2023ರ ಡಿಸೆಂಬರಿನಲ್ಲಿ ಕುಟುಂಬವು ಬೆಳೆದು ಪಾಲಾಯಿತು. ಹೊಸ ಪಾಲಿಗೂ ಪೆಟ್ಟಿಗೆ ದೊರೆಯಿತು.

ವಿದ್ಯಾರ್ಥಿಗಳೇ, ಇದನ್ನೋದಿ ನೀವಾಗಿಯೇ ಹುತ್ತ ಅಗೆಯಲು ಹೊರಡಬೇಡಿರಿ. ಅನುಭವಿಗಳಾದ ಹಿರಿಯರಿಲ್ಲದೆ ಈ ಕೆಲಸ ಕೂಡದು. ಹೆಜ್ಜೇನನ್ನಂತೂ ಕೆಣಕಲೇ ಬಾರದು. ಅದು ಗುಂಪಾಗಿ ಬಹುದೂರ ಅಟ್ಟಿಕೊಂಡು ಬಂದು ಪ್ರಾಣಕ್ಕೇ ಅಪಾಯ ತರುವುದುಂಟು. ಜೇನು ಕಚ್ಚಿದರೆ ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಬೇಕು. ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ: ಹಿತ್ತಿಲಿನಲ್ಲಿ ತುಡುವೆ ಕಂಡರೆ ಸೂಟೆ ಹಚ್ಚುವ ಮೊದಲು ಊರಿನಲ್ಲಿ ಜೇನು ಸಾಕುವವರೊಬ್ಬರಿಗೆ ಸುದ್ದಿ ಮುಟ್ಟಿಸಿರಿ. ಅಂದು ಕೆನ್ನೆ ಊದಿಸಿಕೊಂಡ ಬಾಲಕನು ಪೆಟ್ಟಿಗೆ ಪಾಲಾದ ದಿನ ತನ್ನ ತಂದೆಯೊಡನೆ ತೋಟಕ್ಕೆ ಬಂದಿದ್ದನು. ತಂದೆ ದೂರ ನಿಂತಿದ್ದರು. ಮಗನು ಮುಖಪರದೆ ಧರಿಸಿ, ಮಿತ್ರರ ಪಕ್ಕದಲ್ಲಿ ಹೊಗೆತಿದಿ ಹಿಡಿದು ನಿಂತು, “ರಾಣಿ ಯಾವುದು, ಅಜ್ಜ?” ಎಂದು ಕೇಳುತ್ತಿದ್ದನು.